ನೆಲಮಹಡಿಯ ಮನೆ ಸಿಕ್ಕರೆ ಸಾಕೇ?

ವಯಸ್ಸಾದವರಿಗೋ ವೀಲ್‌ಚೇರ್ ಬಳಸುವವರಿಗೋ ಬಾಡಿಗೆ ಮನೆ ಹುಡುಕುವವರು ಮೊದಲು ಕೇಳುವುದು “ಕೆಳಗಡೆ ಮನೆ ಇದೆಯಾ?” ಎಂದು. ಸಹಜವಾದ ಪ್ರಶ್ನೆಯೇ, ಆದರೆ ಅದೊಂದೇ ಸಾಲದು. ಶಿವಮೊಗ್ಗದ ವಿನೋಬನಗರವಿರಲಿ, ಗೋಪಾಳವಿರಲಿ, ಭದ್ರಾವತಿಯ ನ್ಯೂಟೌನ್ ಇರಲಿ, ನೋಡಬೇಕಾದದ್ದು ಮಹಡಿಯನ್ನಲ್ಲ, ದಾರಿಯನ್ನು. ರಸ್ತೆಯಿಂದ ಬಚ್ಚಲುಮನೆಯವರೆಗೆ ಯಾರ ಕೈಯನ್ನೂ ಹಿಡಿಯದೆ ಹೋಗಿಬರಲು ಆಗುತ್ತದೆಯೇ? 2011ರ ಜನಗಣತಿಯಂತೆ ರಾಜ್ಯದಲ್ಲಿ ವಿಕಲಚೇತನರು 13 ಲಕ್ಷಕ್ಕೂ ಹೆಚ್ಚು. 1918ರಲ್ಲಿ ಮೊದಲಾದ ಕಬ್ಬಿಣದ ಕಾರ್ಖಾನೆ ಮತ್ತು 1936ರ ಕಾಗದದ ಕಾರ್ಖಾನೆಯಿಂದ ಬೆಳೆದ ಭದ್ರಾವತಿಯಲ್ಲಿ ನಿವೃತ್ತರ ಮನೆಗಳೂ ಬಹಳ. ಹಾಗಾಗಿ ಇದು ಕೆಲವರ ಪ್ರಶ್ನೆಯಾಗಿ ಉಳಿದಿಲ್ಲ.

ತಪ್ಪು ಕಲ್ಪನೆ 1: ಕೆಳಗಿನ ಮನೆಯಾದರೆ ತೊಂದರೆಯಿಲ್ಲ

ಸತ್ಯ: ಮಲೆನಾಡ ಮಳೆಗೆ ಅಂಜಿ ನಮ್ಮಲ್ಲಿ ಅಡಿಪಾಯ ಎತ್ತರಿಸುತ್ತಾರೆ. ಬಾಗಿಲ ಮುಂದೆ ಆರು ಇಂಚಿನ ಮೂರು ಮೆಟ್ಟಿಲಿದ್ದರೂ ಎತ್ತರ 18 ಇಂಚು. ಒಂದು ಅಡಿ ಏರಲು 12 ಅಡಿ ಉದ್ದದ ಇಳಿಜಾರು ಬೇಕೆಂಬುದು ಮಾನದಂಡ. ಆ ಲೆಕ್ಕದಲ್ಲಿ ಇಲ್ಲಿಗೆ 18 ಅಡಿಯ ರ‍್ಯಾಂಪ್ ಬೇಕು. ಬದಲಿಗೆ ನಾಲ್ಕು ಅಡಿಯ ಹಲಗೆ ಇಟ್ಟರೆ ವೀಲ್‌ಚೇರ್ ಹಿಂದಕ್ಕೆ ಮಗುಚೀತು. ಮೆಟ್ಟಿಲು ದಾಟಿದರೆ ಹೊಸಿಲು, ಆಮೇಲೆ ಬಚ್ಚಲುಮನೆಯ ಬಾಗಿಲು. ಎರಡೂವರೆ ಅಡಿಯ ಬಾಗಿಲಲ್ಲಿ ಚೌಕಟ್ಟು ಕಳೆದು ಉಳಿಯುವುದು 26–27 ಇಂಚು. ಸಾಮಾನ್ಯ ವೀಲ್‌ಚೇರ್‌ನ ಅಗಲವೇ ಸುಮಾರು 25 ಇಂಚು. ಚಕ್ರ ತಳ್ಳುವ ಕೈಗೆ ಜಾಗವೇ ಇಲ್ಲ. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ಕೇಳುವುದು 900 ಮಿ.ಮೀ., ಅಂದರೆ ಸುಮಾರು ಮೂರು ಅಡಿ. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಇನ್ನೊಂದು ಅಪಾಯ: ಒಳಗೆ ಜಾರಿ ಬಿದ್ದವರ ಮೈಯೇ ಅಡ್ಡವಾಗಿ, ಹೊರಗಿನವರು ನೂಕಿದರೂ ಬಾಗಿಲು ತೆರೆಯುವುದಿಲ್ಲ.

ತಪ್ಪು ಕಲ್ಪನೆ 2: ಲಿಫ್ಟ್ ಇರುವ ಅಪಾರ್ಟ್‌ಮೆಂಟ್ ಎಲ್ಲಕ್ಕಿಂತ ಸುರಕ್ಷಿತ

ಸತ್ಯ: ಲಿಫ್ಟ್ ದಾರಿಯ ಒಂದು ತುಂಡು ಮಾತ್ರ. ಅದರ ಬಾಗಿಲಿಗೆ ಹೋಗಲು ನಾಲ್ಕು ಮೆಟ್ಟಿಲಿದ್ದರೆ ಅಥವಾ ಒಳಗೆ ವೀಲ್‌ಚೇರ್ ಹಿಡಿಸದಿದ್ದರೆ ಅದು ಇದ್ದೂ ಇಲ್ಲದಂತೆ. ಗಾಳಿಮಳೆಗೆ ಕರೆಂಟು ಹೋಗುವ ಊರಿನಲ್ಲಿ ಲಿಫ್ಟ್‌ಗೆ ಜನರೇಟರ್ ಇದೆಯೇ ಎಂದು ಅಡ್ವಾನ್ಸ್ ಕೊಡುವ ಮೊದಲೇ ಕೇಳಬೇಕು. ಮೂರನೇ ಮಹಡಿಯಲ್ಲಿ ಸಿಕ್ಕಿಕೊಂಡವರಿಗೆ ಡಯಾಲಿಸಿಸ್‌ಗೆ ಮೆಗ್ಗಾನ್ ಆಸ್ಪತ್ರೆ ತಲುಪುವುದೂ ಕಷ್ಟ.

ತಪ್ಪು ಕಲ್ಪನೆ 3: ಇಂಥ ಮನೆಗೆ ವಿಪರೀತ ಖರ್ಚು, ಮಲೆನಾಡಿನ ಮಳೆಗೆ ಹೊಂದುವುದೂ ಇಲ್ಲ

ಸತ್ಯ: ಮಳೆಯ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. 2019ರ ಆಗಸ್ಟ್‌ನಲ್ಲಿ ಶಿವಮೊಗ್ಗದ ತಗ್ಗು ಪ್ರದೇಶಗಳಿಗೆ ತುಂಗೆಯ ನೀರು ನುಗ್ಗಿತ್ತು. ಆದರೆ ಅಡಿಪಾಯ ಎತ್ತರವಾಗಿಯೇ ಇರಲಿ. ಇಳಿಜಾರನ್ನು ಮುಂಬಾಗಿಲಿಗೆ ಎದುರಾಗಿ ಇಡದೆ ಮನೆಯ ಪಕ್ಕದ ಖಾಲಿ ಜಾಗದುದ್ದಕ್ಕೂ ತಂದರೆ 30×40ರ ಸೈಟಿನಲ್ಲೂ 18 ಅಡಿ ಸಿಗುತ್ತದೆ. ಅದಕ್ಕೆ ಪಾಲಿಶ್ ಗ್ರಾನೈಟ್ ಬೇಡ. ತರಿತರಿಯಾದ ಕಲ್ಲು, ಹಿಡಿದುಕೊಳ್ಳಲು ಪಕ್ಕಕ್ಕೊಂದು ಕಂಬಿ, ಕೆಳಗೆ ನೀರು ಹರಿಯಲು ಜಾಲರಿ ಮುಚ್ಚಿದ ಚರಂಡಿ ಸಾಕು. ನಕ್ಷೆಯ ಹಂತದಲ್ಲೇ ಬಾಗಿಲನ್ನು ಅರ್ಧ ಅಡಿ ಅಗಲಿಸಿದರೆ ಹೆಚ್ಚುವುದು ಅಷ್ಟು ಮರದ ಬೆಲೆ. ಕಟ್ಟಿದ ಮೇಲಾದರೆ ಗೋಡೆ ಒಡೆದು, ಟೈಲ್ಸ್ ಕಿತ್ತು, ಗಾರೆ ಕೆಲಸ ಮತ್ತೆ ಮಾಡಿಸಬೇಕು. ದುಬಾರಿಯಾಗುವುದು ಸೌಲಭ್ಯವಲ್ಲ, ಅದನ್ನು ತಡವಾಗಿ ನೆನೆಯುವುದು. ಬಾಡಿಗೆ ಮನೆಯಲ್ಲೂ ಬಚ್ಚಲಿನ ಬಾಗಿಲನ್ನು ಹೊರಕ್ಕೆ ತಿರುಗಿಸುವುದು, ಕಮೋಡ್ ಪಕ್ಕ ಹಿಡಿಕೆ ಹಾಕಿಸುವುದು ದೊಡ್ಡ ಕೆಲಸವಲ್ಲ. ಮಾಲೀಕರ ಒಪ್ಪಿಗೆಯನ್ನು ಕರಾರಿನಲ್ಲೇ ಬರೆಸಿಕೊಂಡರೆ ಆಮೇಲೆ ಮನಸ್ತಾಪವೂ ಇರದು.

ತಪ್ಪು ಕಲ್ಪನೆ 4: ಇದೆಲ್ಲ ಮಾಲೀಕರ ದಯೆ, ಕಾನೂನಿಗೆ ಸಂಬಂಧವಿಲ್ಲ

ಸತ್ಯ: ಒಬ್ಬರು ತಮಗಾಗಿ ಕಟ್ಟಿಕೊಳ್ಳುವ ಮನೆಗೆ ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ನೇರವಾಗಿ ಅನ್ವಯಿಸದು ನಿಜ. ಆದರೆ ಸರ್ಕಾರಿ ಸಂಸ್ಥೆಯಾಗಲಿ ಖಾಸಗಿ ಕಂಪನಿಯಾಗಲಿ ಕಟ್ಟಡ ಕಟ್ಟುವಾಗ ನಕ್ಷೆ ಸುಗಮ್ಯತೆಯ ನಿಯಮಕ್ಕೆ ಒಪ್ಪದಿದ್ದರೆ ಅನುಮತಿ ಕೊಡಬಾರದು ಎನ್ನುತ್ತದೆ ಅದರ 44ನೇ ಕಲಂ. ವಸತಿ ಯೋಜನೆಗಳಲ್ಲಿ ಶೇ. 5 ಮೀಸಲು 37ನೇ ಕಲಂನಲ್ಲಿದೆ. ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಮಾರ್ಗಸೂಚಿ ನೆಲಮಹಡಿ, ಕೆಳಮಹಡಿಗಳ ಹಂಚಿಕೆಯಲ್ಲಿ ವಿಕಲಚೇತನರಿರುವ ಕುಟುಂಬಗಳಿಗೂ ಹಿರಿಯರಿಗೂ ಆದ್ಯತೆ ಕೊಡಲು ಹೇಳಿದೆ. ಶಿವಮೊಗ್ಗದ ಗೋವಿಂದಾಪುರದಂಥ ಮಹಡಿ ಮನೆಗಳ ಯೋಜನೆಗೆ ಅರ್ಜಿ ಹಾಕುವವರು ಇದನ್ನು ಬರಹದಲ್ಲಿ ಕೇಳಬೇಕು. ಕಾನೂನು ಕಾಗದದಲ್ಲೇ ಉಳಿಯುತ್ತದೆ ಎಂಬ ಬೇಸರಕ್ಕೆ ಕಾರಣಗಳಿವೆ. ಅದಕ್ಕೇ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ, ಸುಗಮ್ಯತೆಯ ಮಾನದಂಡಗಳು ಬರೀ ಶಿಫಾರಸಾಗಿರದೆ ಕಡ್ಡಾಯವಾಗಬೇಕು ಎಂದು ಹೇಳಿದ್ದು.

ಮನೆ ನೋಡಲು ಹೋಗುವಾಗ ಜೊತೆಗೊಂದು ಅಳತೆ ಟೇಪು ಇರಲಿ. ಮೆಟ್ಟಿಲ ಎತ್ತರ, ಹೊಸಿಲು, ಪ್ರತಿ ಬಾಗಿಲ ತೆರವು, ಬಚ್ಚಲಲ್ಲಿ ವೀಲ್‌ಚೇರ್ ತಿರುಗಲು ಐದಡಿ ಜಾಗ, ಇಷ್ಟನ್ನು ಅಳೆದು ಬರೆದುಕೊಳ್ಳಿ. ಆ ಮನೆಯಲ್ಲಿ ಇರಬೇಕಾದವರನ್ನೇ ಕರೆದೊಯ್ಯಿರಿ. ಒಪ್ಪುವ, ಬೇಡವೆನ್ನುವ ಕೊನೆಯ ಮಾತು ಅವರದಾಗಲಿ. ಹೊಸದಾಗಿ ಕಟ್ಟುವವರು ತಮ್ಮ ಇಂಜಿನಿಯರ್‌ ಹತ್ತಿರ ಇದೇ ಅಳತೆಗಳನ್ನು ಕೇಳಲು ಶುರುಮಾಡಿದರೆ, ಹತ್ತು ವರ್ಷದಲ್ಲಿ ಈ ಎರಡು ಊರುಗಳಲ್ಲಿ ಇಂಥ ಮನೆ ಹುಡುಕುವ ಕಷ್ಟ ನಿಜಕ್ಕೂ ಕಡಿಮೆಯಾಗುತ್ತದೆ.