ಹೊಳಲಿನ ಬೋದಿಗೆಯ ಮೇಲಿನ ಹೆಸರು

ವಿಜಯನಗರ ಜಿಲ್ಲೆಯ ಶಿಲ್ಪವೆಂದರೆ ಹಂಪಿಯೇ ಎಂದು ತಿಳಿಯುವವರು ಹೆಚ್ಚಾದರೂ, ಹಂಪಿ ರಾಜಧಾನಿಯಾಗುವುದಕ್ಕೆ ಮೂರು ಶತಮಾನಗಳ ಹಿಂದೆಯೇ ಅದೇ ಜಿಲ್ಲೆಯ ಪಡುವಣ ತಾಲ್ಲೂಕುಗಳಾದ ಹೂವಿನಹಡಗಲಿ, ಹರಪನಹಳ್ಳಿ ಮತ್ತು ಕೊಟ್ಟೂರು ಸೀಮೆಗಳಲ್ಲಿ ಕಲ್ಲುಕೆಲಸವು ಬೇರೊಂದು ದಾರಿಯಲ್ಲಿ ಪ್ರೌಢಿಮೆಗೆ ಬಂದಿತ್ತು. ಕಲ್ಯಾಣ ಚಾಲುಕ್ಯರ ಕಾಲದ ಈ ದೇವಾಲಯಗಳಲ್ಲಿ ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರವು ಇಮ್ಮಡಿ ತೈಲಪನ ಆಳ್ವಿಕೆಯ 987ರಲ್ಲಿ ದುಗ್ಗಿಮಯ್ಯನೆಂಬವನಿಂದಲೂ, ಹಿರೇಹಡಗಲಿಯ ಕಲ್ಲೇಶ್ವರವು ಸುಮಾರು 1057ರಲ್ಲಿ ಒಂದನೆಯ ಸೋಮೇಶ್ವರನ ಮಂತ್ರಿ ದೇಮರಸನಿಂದಲೂ ನಿರ್ಮಾಣಗೊಂಡವು. ಕಟ್ಟಿಸಿದವರ ಹೆಸರುಗಳು ಹೀಗೆ ಉಳಿದುಬಂದಿವೆ. ಕಟ್ಟಿದವರ ಹೆಸರು ಸಿಗುವುದು ಅಪರೂಪ.

ಹಂಪಿಯ ಶಿಲ್ಪಿಗೆ ದೊರೆತದ್ದು ಉಳಿಗೆ ಸುಲಭವಾಗಿ ಮಣಿಯದ ಕಣಶಿಲೆಯಾದರೆ, ಚಾಲುಕ್ಯ ಶಿಲ್ಪಿಗಳು ಹನ್ನೊಂದನೆಯ ಶತಮಾನದ ನಡುವಿನಿಂದ ಹೆಚ್ಚಾಗಿ ಒಲಿದದ್ದು ಬಳಪದ ಕಲ್ಲಿಗೆ, ಎಂದರೆ ಗಣಿಯಿಂದ ತೆಗೆದ ಹೊಸತರಲ್ಲಿ ಮೆದುವಾಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವ ಹಸಿರುಗಪ್ಪು ಶಿಲೆಗೆ. ಅದಕ್ಕೂ ಹಿಂದಿನ ಬಾದಾಮಿಯ ಮರಳುಗಲ್ಲಿನಲ್ಲಿ ದೊಡ್ಡ ದಿಮ್ಮಿಗಳೇ ಗೋಡೆಯ ಗಾಂಭೀರ್ಯವಾಗಿದ್ದವು. ಬಳಪದ ಕಲ್ಲು ಬಂದ ಮೇಲೆ ಗೋಡೆ ಕಿರಿದಾದ ಅಂಗಗಳಾಗಿ ಒಡೆದು, ಬಾಗಿಲವಾಡದ ಶಾಖೆಗಳು, ಎಂದರೆ ಬಾಗಿಲಿನ ಇಕ್ಕೆಲಗಳಲ್ಲಿ ಒಂದರ ಪಕ್ಕ ಒಂದರಂತೆ ಏರುವ ಕೆತ್ತನೆಯ ಪಟ್ಟಿಗಳು, ದಂತದ ಕೆಲಸದಷ್ಟು ಸೂಕ್ಷ್ಮವಾದವು. ಕಲ್ಲಿಗೂ ಕಲ್ಲಿಗೂ ನಡುವೆ ಗಾರೆಯಿಲ್ಲ. ಅಂಚುಗಳನ್ನು ನುಣುಪಾಗಿ ಒರೆದು ಒಂದರ ಮೇಲೊಂದು ಕೂರಿಸಿದ ಭಾರವೇ ಕಟ್ಟಡವನ್ನು ಹಿಡಿದಿದೆ.

ಈ ಕುಶಲತೆ ಎದ್ದು ಕಾಣುವುದು ಕಂಬಗಳಲ್ಲಿ. ಬಾಗಳಿಯ ತೆರೆದ ಮಂಟಪವೊಂದರಲ್ಲೇ 50 ಅಲಂಕೃತ ಕಂಬಗಳಿವೆ. ಚೌಕವಾಗಿ ಒರಟು ಮಾಡಿಕೊಂಡ ಕಲ್ಲನ್ನು ತಿರುಗಣಿಗೆ ಏರಿಸಿ, ಅದು ಸುತ್ತುತ್ತಿರುವಾಗಲೇ ಉಳಿಯನ್ನು ಒತ್ತಿಹಿಡಿದು, ಗಂಟೆಯ ಮೈಯಂಥ ಉಬ್ಬುಗಳನ್ನೂ ಅಂಚುಗೆಡದ ಗೆರೆಗಳನ್ನೂ ಕಡೆದಿರಬೇಕೆಂಬುದು ವಿದ್ವಾಂಸರಲ್ಲಿ ಸಾಮಾನ್ಯವಾಗಿರುವ ಅಭಿಪ್ರಾಯ. ಅಷ್ಟು ಭಾರದ ಕಲ್ಲು ಓಲಾಡದೆ ತಿರುಗಬೇಕಾದರೆ ಎಷ್ಟು ಕೈಗಳ ಹೊಂದಾಣಿಕೆ ಬೇಕಾಗಿತ್ತೆಂಬುದನ್ನು ಕಂಬದ ಹೊಳಪು ಮರೆಮಾಡಿಬಿಡುತ್ತದೆ. ಇದೇ ಸೀಮೆಯ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದಲ್ಲಿ ಕಂಬದ ತಲೆಗೆ ಮದನಿಕೆಯರು ಒರಗಿ ನಿಂತಿದ್ದಾರೆ. ಬೇಲೂರಿನ ಮದನಿಕೆಯರನ್ನು ಮೆಚ್ಚುವವರು ಅವರ ಈ ಅಕ್ಕಂದಿರನ್ನು ನೋಡದಿರುವುದು ಸರಿಯಲ್ಲ.

ಬ್ರಿಟಿಷರ ಕಾಲದಲ್ಲಿ ಈ ತಾಲ್ಲೂಕುಗಳು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಪುರಾತತ್ವ ಇಲಾಖೆಯ ಅಲೆಕ್ಸಾಂಡರ್ ರೀ ಇವನ್ನು ಅಳೆದು, ನಕ್ಷೆ ಬರೆಸಿ, 1896ರಲ್ಲಿ ಚಾಲುಕ್ಯ ವಾಸ್ತುವನ್ನು ಕುರಿತ ಗ್ರಂಥವಾಗಿ ಪ್ರಕಟಿಸಿದನು. ಶೈಲಿಗೆ ರಾಜವಂಶದ ಹೆಸರಿಡುವ ರೂಢಿ ಆಗಲೇ ಬೇರೂರಿದ್ದುದರಿಂದ ಉಳಿ ಹಿಡಿದವನು ಚಾಲುಕ್ಯ ಎಂಬ ಪದದ ಹಿಂದೆ ಸರಿದುಹೋದನು.

ಅವನು ಮತ್ತೆ ಮುಂದೆ ಬರುವುದು ಹಡಗಲಿ ತಾಲ್ಲೂಕಿನ ಹೊಳಲಿನಲ್ಲಿ. ಅಲ್ಲಿನ ಅಮೃತೇಶ್ವರ ದೇವಾಲಯದ ಕಂಬವೊಂದರ ಬೋದಿಗೆಯ ಮೇಲೆ, ಎಂದರೆ ತೊಲೆಯನ್ನು ಹೊರುವ ತಲೆಗಲ್ಲಿನ ಮೇಲೆ, ಸೋಗೆಯ ಪದೋಜನ ಶಿಷ್ಯ ಬಮ್ಮೋಜನ ಹೊಗಳಿಕೆಯಿದೆ. ಓಜನೆಂದರೆ ಕಸುಬಿನ ಗುರು. ಬಮ್ಮೋಜನು ಕಲಿಯುಗದ ವಿಶ್ವಕರ್ಮನೆಂದೂ, ಅರುವತ್ತನಾಲ್ಕು ಕಲೆಗಳಲ್ಲಿ ನಿಪುಣನೆಂದೂ, ನಾಗರ, ಕಳಿಂಗ, ದ್ರಾವಿಡ, ವೇಸರ ಎಂಬ ನಾಲ್ಕು ಬಗೆಯ ಕಟ್ಟಡಗಳನ್ನು ಕಂಡುಹಿಡಿದವನೆಂದೂ ಅದು ಸಾರುತ್ತದೆ. ಕೊನೆಯ ಮಾತು ಅತಿಶಯೋಕ್ತಿಯೇ ಸರಿ. ಆದರೆ ಬಗೆಬಗೆಯ ದೇವಾಲಯಗಳಿಗೆ ಹೆಸರಿಟ್ಟು ವಿಂಗಡಿಸುವ ವಿದ್ಯೆ ಗ್ರಂಥಗಳಲ್ಲಷ್ಟೇ ಇರದೆ ಕಲ್ಲುಕುಟಿಗರ ನಾಲಗೆಯ ಮೇಲೂ ಇತ್ತೆಂಬುದಕ್ಕೆ ಈ ಸಾಲುಗಳಿಗಿಂತ ಗಟ್ಟಿಯಾದ ಸಾಕ್ಷ್ಯ ದೊರೆಯುವುದು ಕಷ್ಟ. ಸೋಗೆ ಇಂದಿನ ಸೋಗಿ, ಅದೇ ಹಡಗಲಿ ತಾಲ್ಲೂಕಿನ ಊರು.

ಮರದ ಕೆಲಸಕ್ಕೆ ಕೈಗಳು ಮತ್ತೆ ಮತ್ತೆ ಬೇಕು, ಕಲ್ಲಿನದಕ್ಕೆ ಹಾಗಲ್ಲ. ಕೊಟ್ಟೂರಿನ ಕೊಟ್ಟೂರೇಶ್ವರನ ತೇರು ಮರದ್ದು. 2017ರ ಉತ್ಸವದಲ್ಲಿ ಅದು ಉರುಳಿದ ಮೇಲೆ ಹೊಸ ತೇರು ಕಟ್ಟಲು ಬಡಗಿಗಳು ಬೇಕಾದರು, ಸಿಕ್ಕರು. ಕೊಟ್ಟೂರಿಗೆ ಹತ್ತಿರದ ಅಂಬಳಿಯ ಕಲ್ಲೇಶ್ವರನ ಕಲ್ಲಿನ ಗುಡಿಗೆ ಅಂಥ ಅಗತ್ಯ ಬಂದದ್ದು ಕಡಿಮೆ.