ನಿವೃತ್ತಿಯ ನೆಲೆ: ಚಳ್ಳಕೆರೆ–ಮೊಳಕಾಲ್ಮುರು ಸೀಮೆಯನ್ನು ಮುಂದಿಟ್ಟು ಒಂದು ವಿವೇಚನೆ

‘ನಿವೃತ್ತಿ’ ಎಂಬುದು ಇಂದು ಕಚೇರಿಯ ಶಬ್ದವಾಗಿಬಿಟ್ಟಿದೆ. ಆದೇಶಪತ್ರ, ಪಿಂಚಣಿಯ ಲೆಕ್ಕ, ಬೀಳ್ಕೊಡುಗೆಯ ಹಾರ ಇವುಗಳೊಡನೆಯೇ ಅದು ನೆನಪಿಗೆ ಬರುತ್ತದೆ. ಕರ್ನಾಟಕದ ಸರ್ಕಾರಿ ನೌಕರನಿಗೆ 2008ರಿಂದ ಅದು ಅರುವತ್ತನೆಯ ವಯಸ್ಸಿನಲ್ಲಿ ಒದಗುತ್ತಿದೆ. ಆದರೆ ವೀರಶೈವ ಶಾಸ್ತ್ರಗ್ರಂಥಗಳನ್ನು ಓದಿದವರಿಗೆ ಈ ಶಬ್ದ ಬೇರೊಂದು ಎಡೆಯಲ್ಲಿ ಪರಿಚಿತವಾದುದು. ಷಟ್‌ಸ್ಥಲ ವಿವರಣೆಯಲ್ಲಿ ಆರು ಲಿಂಗಗಳಿಗೆ ಆರು ಶಕ್ತಿಗಳನ್ನೂ ಆರು ಕಲೆಗಳನ್ನೂ ಹೇಳುವಾಗ, ಮಾಯಿದೇವನ ‘ಅನುಭವಸೂತ್ರ’ದ ಪರಂಪರೆಯು ನಿವೃತ್ತಿಕಲೆಯನ್ನು ಆಚಾರಲಿಂಗದೊಡನೆ ಹೊಂದಿಸುತ್ತದೆ. ಆ ಲಿಂಗದ ಶಕ್ತಿ ಕ್ರಿಯಾಶಕ್ತಿ. ಅದನ್ನು ಅರ್ಚಿಸುವವನು ಭಕ್ತ. ಅಂದರೆ ನಿವೃತ್ತಿಯು ಐಕ್ಯಸ್ಥಲದ ಸಮೀಪದಲ್ಲಿ, ಎಲ್ಲವೂ ಮುಗಿದ ಮೇಲೆ ಬರತಕ್ಕದ್ದಲ್ಲ. ಸಾಧನೆಯ ಮೊದಲ ಮೆಟ್ಟಿಲಿನಲ್ಲಿ ಕ್ರಿಯೆಯ ಜೊತೆಗೂಡಿಯೇ ಇರತಕ್ಕದ್ದು. ಆಗಮದ ಪರಿಭಾಷೆಗೂ ಕಚೇರಿಯ ಆದೇಶಕ್ಕೂ ಇರುವುದು ಹೆಸರಿನ ಸಾಮ್ಯವಷ್ಟೇ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಆದರೂ ಈ ಕಲೆಯನ್ನು ಶಾಸ್ತ್ರಕಾರರು ಪೃಥ್ವೀತತ್ತ್ವದ ಜೊತೆಗೆ, ಎಂದರೆ ನೆಲದ ಜೊತೆಗೆ ಇರಿಸಿದ್ದಾರೆಂಬುದನ್ನು ಮರೆಯಲಾಗದು. ಕೆಲಸದಿಂದ ಬಿಡುಗಡೆಯಾದವನು ಯಾವ ನೆಲದಲ್ಲಿ, ಯಾವ ಕ್ರಿಯೆಯಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಗೆ ಈ ಸಾಮ್ಯವು ಒಳ್ಳೆಯ ಪ್ರವೇಶದ್ವಾರ.

ವರ್ಣಾಶ್ರಮ ಪದ್ಧತಿಯು ಬಾಳನ್ನು ನಾಲ್ಕು ಪಾಲು ಮಾಡಿ, ಕೂದಲು ನರೆತವನಿಗೆ ಕಾಡಿನ ದಾರಿ ತೋರಿಸಿತು. ಶರಣರು ಈ ವಿಭಾಗವನ್ನು ಒಪ್ಪಲಿಲ್ಲ. ಲಿಂಗದೀಕ್ಷೆಗೆ ವಯಸ್ಸಿನ ಕಟ್ಟಳೆಯಿಲ್ಲದಂತೆಯೇ, ಲಿಂಗಪೂಜೆಯನ್ನು ಮುಪ್ಪಿನ ಕಾಲಕ್ಕೆ ಮುಂದೂಡುವ ಅವಕಾಶವೂ ಅವರಲ್ಲಿ ಇಲ್ಲ. ಮೈ ಪರಾಧೀನವಾಗುವ ಮುನ್ನವೇ ಪೂಜೆಗೆ ತೊಡಗಬೇಕೆಂಬ ಆಶಯದ ಬಸವಣ್ಣನವರ ವಚನವನ್ನು ಶಾಲೆಯ ಮಕ್ಕಳೂ ಬಲ್ಲರು. ಮೋಳಿಗೆಯ ಮಾರಯ್ಯನವರ ಚರಿತ್ರೆ ಇಲ್ಲಿ ವಿಶೇಷವಾಗಿ ಮನನೀಯ. ಸಂಪ್ರದಾಯದ ಪ್ರಕಾರ ಅವರು ಕಾಶ್ಮೀರದ ಅರಸರು. ಪಟ್ಟವನ್ನು ತೊರೆದು ಮಡದಿ ಮಹಾದೇವಿಯವರೊಡನೆ ಕಲ್ಯಾಣಕ್ಕೆ ಬಂದವರು. ಅರಸುತನದಿಂದ ನಿವೃತ್ತರಾದವರು ಕೈಗೊಂಡದ್ದು ಕಟ್ಟಿಗೆ ಮಾರುವ ಕಾಯಕ. ವಾನಪ್ರಸ್ಥನೂ ಕಾಡಿಗೆ ಹೋಗುತ್ತಾನೆ, ಮಾರಯ್ಯನವರೂ ಹೋದರು. ಆದರೆ ವಾನಪ್ರಸ್ಥನು ಅಲ್ಲಿಯೇ ಉಳಿಯುತ್ತಾನೆ. ಮಾರಯ್ಯನವರು ಹೊರೆ ಹೊತ್ತು ಊರಿಗೆ ಮರಳಿ, ಅದನ್ನು ಮಾರಿ ಬಂದುದರಲ್ಲಿ ಜಂಗಮದಾಸೋಹ ನಡೆಸಿದರು. ಶರಣಮಾರ್ಗದ ನಿವೃತ್ತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಇನ್ನು ನೆಲೆಯ ಮಾತು. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದವನಿಗೆ ಕಾಶಿಯಲ್ಲಿ ಸಾಯುವ ಅಗತ್ಯವಿಲ್ಲ. ದೇವರು ಅವನು ಹೋದಲ್ಲಿಗೆ ಬರುತ್ತಾನೆ. ಆದಕಾರಣ ಸ್ಥಳದ ಪಾವಿತ್ರ್ಯವು ಅವನ ಆಯ್ಕೆಯನ್ನು ನಿರ್ಣಯಿಸಲಾರದು. ಹವೆಯ ಹಿತವೊಂದೇ ನಿರ್ಣಯಿಸುವುದಾದರೆ ಮೈಸೂರಿನಲ್ಲೊಂದು ನಿವೇಶನ ಕೊಂಡರೆ ಸಾಕು, ಚರ್ಚೆ ಮುಗಿಯಿತು. ಉಳಿಯುವುದು ಎರಡೇ ಪ್ರಶ್ನೆಗಳು: ಯಾರಿಗೆ ಈತ ಬೇಕಾದವನು? ಮೈ ಸೋತಾಗ ಈತನನ್ನು ಹಿಡಿದುಕೊಳ್ಳುವವರು ಯಾರು? ಮೊದಲನೆಯದು ಕಾಯಕದ ಪ್ರಶ್ನೆ, ಎರಡನೆಯದು ದಾಸೋಹದ ಪ್ರಶ್ನೆ.

ಈ ಎರಡನ್ನೂ ಪರೀಕ್ಷಿಸಲು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳಷ್ಟು ಕಠಿಣವಾದ ಒರೆಗಲ್ಲು ಬೇರೆ ಇಲ್ಲ. ಹಿತಕ್ಕಾಗಿ ಯಾರೂ ಆರಿಸಿಕೊಳ್ಳುವ ಸೀಮೆ ಅದಲ್ಲ. ನಾಡಿನ ಅತ್ಯಂತ ಒಣ ಪ್ರದೇಶಗಳಲ್ಲಿ ಅದೂ ಒಂದು. ಮಳೆ ನಂಬಿ ಬಿತ್ತಿದ ಕಡಲೆಕಾಯಿ ಕೆಲವು ವರ್ಷ ಚಳ್ಳಕೆರೆಯ ಎಣ್ಣೆಗಿರಣಿಗಳನ್ನು ತುಂಬಿಸುತ್ತದೆ, ಕೆಲವು ವರ್ಷ ಬಿತ್ತನೆಯ ಬೀಜವನ್ನೂ ಮರಳಿಸುವುದಿಲ್ಲ. ವೇದಾವತಿಯೂ ಚಿನ್ನಹಗರಿಯೂ ನಕಾಶೆಯಲ್ಲಿ ನದಿಗಳು. ಬೇಸಗೆಯಲ್ಲಿ ಮರಳಿನ ದಾರಿಗಳು. ಕೊಳವೆಬಾವಿಗಳನ್ನು ಆಳವಾಗಿ ಕೊರೆದಂತೆಲ್ಲ ನೀರಿನಲ್ಲಿ ಫ್ಲೋರೈಡ್ ದೋಷ ಕಾಣಿಸಿಕೊಂಡಿರುವ ಹಳ್ಳಿಗಳೂ ಇವೆ. ಇಂತಹ ಊರಿನಿಂದ ಓದಿ ಮೇಲೆ ಬಂದು, ಬೆಂಗಳೂರಿನಲ್ಲೋ ದಾವಣಗೆರೆಯಲ್ಲೋ ಮೂವತ್ತು ವರ್ಷ ದುಡಿದ ಉಪಾಧ್ಯಾಯನೊಬ್ಬನು ತನ್ನ ಉಳಿದ ಆಯುಷ್ಯವನ್ನು ಎಲ್ಲಿ ಕಳೆಯಲೆಂದು ಕಲ್ಪಿಸಿಕೊಳ್ಳುವಾಗ, ಊರಿನ ಹಳೆಯ ಮನೆಯು ಅವನ ಕಣ್ಣಮುಂದೆ ಬರುತ್ತದೆ. ಮಡದಿಯ ಕಣ್ಣಮುಂದೆ ಆ ಮನೆಯ ನೀರಿನ ಕೊಡಗಳು ಬರುತ್ತವೆ. ಇಬ್ಬರ ಕಲ್ಪನೆಯೂ ನಿಜವೇ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿರುವುದನ್ನು ಬಿ.ಎಲ್. ರೈಸ್ ಅವರು 1892ರಲ್ಲಿ ಪತ್ತೆ ಮಾಡಿದರು. ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸುವುದರೊಡನೆ ಆ ಬರೆಹ ಆರಂಭವಾಗುತ್ತದೆ. ಅದರ ಮೊದಲ ಭಾಗದ ತಾತ್ಪರ್ಯ, ಶ್ರೇಯಸ್ಸು ದೊಡ್ಡವರ ಸ್ವತ್ತಲ್ಲ, ಸಾಮಾನ್ಯನೂ ಪರಾಕ್ರಮದಿಂದ, ಎಂದರೆ ಬಿಡದ ಪ್ರಯತ್ನದಿಂದ ಅದನ್ನು ಪಡೆಯಬಲ್ಲನೆಂಬುದು. ಎರಡನೆಯ ಭಾಗವು ತಾಯಿತಂದೆಗಳ ಮಾತನ್ನು ನಡೆಸಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನಾಡಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು, ಬಂಧುಗಳಲ್ಲಿ ತಕ್ಕಂತೆ ನಡೆದುಕೊಳ್ಳಬೇಕು ಎಂದು ವಿಧಿಸಿ, ಇದು ಪುರಾತನವಾದ ನಡೆ, ದೀರ್ಘಾಯುಷ್ಯಕ್ಕೆ ಕಾರಣವಾದುದು ಎನ್ನುತ್ತದೆ. ಬರೆದವನು ಚಪಡನೆಂಬ ಲಿಪಿಕಾರ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕಾಲ ಕ್ರಿಸ್ತಪೂರ್ವ ಮೂರನೆಯ ಶತಮಾನ. ಇತಿಹಾಸದ ವಿದ್ಯಾರ್ಥಿಗಳು ಇದನ್ನು ಮೌರ್ಯಸಾಮ್ರಾಜ್ಯದ ದಕ್ಷಿಣದ ಎಲ್ಲೆಯನ್ನು ಗುರುತಿಸಲು ಓದುತ್ತಾರೆ. ಆದರೆ ಕನ್ನಡನಾಡಿನಲ್ಲಿ ದೊರೆತಿರುವ ಅತ್ಯಂತ ಹಳೆಯ ಬರೆಹಗಳಲ್ಲಿ ಒಂದು, ಹಿರಿಯರ ಬಗೆಗೆ ಕಿರಿಯರ ಹೊಣೆಯನ್ನು ಹೇಳುವ ಬರೆಹವೆಂಬುದು, ಅದೂ ಕಡಲೆಕಾಯಿ ಹೊಲಗಳ ನಡುವಿನ ಬಂಡೆಯ ಮೇಲಿದೆಯೆಂಬುದು ಹೆಚ್ಚು ಗಮನಾರ್ಹ. ಪ್ರಯತ್ನವನ್ನೂ ಪೋಷಣೆಯನ್ನೂ ಒಂದೇ ಬಂಡೆಗೆ ಒಪ್ಪಿಸಿದ ಈ ವಿವೇಕವು ಮುಂದೆ ಶರಣರ ಕೈಯಲ್ಲಿ ಬೇರೆ ಹೆಸರುಗಳನ್ನು ಪಡೆಯಿತು. ಅಶೋಕನಿಂದ ಬಸವಣ್ಣನವರಿಗೆ ನೇರವಾದ ದಾರಿ ಎಳೆಯುವುದು ಅಶಾಸ್ತ್ರೀಯ. ಆದರೆ ಆಶಯಗಳ ಸಾಮೀಪ್ಯವನ್ನು ಅಲ್ಲಗಳೆಯಲಾಗದು.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ವಿಷಯದಲ್ಲಿ ಆ ಸಾಮೀಪ್ಯ ಕಾರ್ಯರೂಪವನ್ನೇ ತಾಳಿದೆ. ಪಂಚಗಣಾಧೀಶ್ವರರಲ್ಲಿ ಒಬ್ಬರೆಂದು ಭಕ್ತರು ಆರಾಧಿಸುವ ಈ ಮಹಾಪುರುಷರು ಹೊರಗಿನಿಂದ ಬಂದು ಈ ಒಣನೆಲವನ್ನು ತಮ್ಮ ಕಡೆಯ ನೆಲೆಯಾಗಿ ಆರಿಸಿಕೊಂಡವರು. ಅವರು ಇಲ್ಲಿ ಮಾಡಿದ್ದು ಕೆರೆಗಳನ್ನು ಕಟ್ಟಿಸುವ ಕಾಯಕ. ಮಣ್ಣು ಹೊತ್ತವರಿಗೆ ಅವರವರ ದುಡಿಮೆಗೆ ತಕ್ಕಷ್ಟೇ ಕೂಲಿ ದೊರೆಯುತ್ತಿತ್ತೆಂದು ಐತಿಹ್ಯ. ದುಡಿದವನಿಗೆ ದುಡಿದಷ್ಟು ಎಂಬರ್ಥದ ಅವರ ಮಾತು ಆ ಸೀಮೆಯ ಜನರ ನಾಲಗೆಯ ಮೇಲೆ ಇಂದಿಗೂ ಇದೆ. ಊರೊಳಗೆ ಒಳಮಠ, ಊರ ಹೊರಗೆ ಐಕ್ಯಸ್ಥಳವಾದ ಹೊರಮಠ. ಫಾಲ್ಗುಣದ ರಥೋತ್ಸವದಲ್ಲಿ ಒಣಕೊಬ್ಬರಿ ಸುಟ್ಟು ಹರಕೆ ಒಪ್ಪಿಸುವ ಜನಸಾಗರವನ್ನು ಕಂಡವರು ಸ್ವಾಮಿಗಳ ಪವಾಡಗಳನ್ನು ನೆನೆಯುತ್ತಾರೆ. ಕೆರೆಯ ಏರಿಯ ಮೇಲೆ ನಡೆದು ನೋಡುವವರು ಕಡಿಮೆ. ನೀರಿಲ್ಲದ ಊರಿಗೆ ಬಂದು ನೆಲೆಸಿದ ಹಿರಿಯರು ನೀರಿನ ಕೆಲಸವನ್ನೇ ಹಿಡಿದರೆಂಬುದು ಪವಾಡಕ್ಕಿಂತ ಕಡಿಮೆಯ ಸಂಗತಿಯಲ್ಲ.

ಸಮೀಪಕಾಲದ ನಿದರ್ಶನಗಳೂ ಇವೆ. ವೇದಾವತಿಯ ದಡದ ಬೆಳಗೆರೆಯ ಕೃಷ್ಣಶಾಸ್ತ್ರಿಗಳು (1916–2013) ವೃತ್ತಿಯಿಂದ ಉಪಾಧ್ಯಾಯರು. ಮುಕುಂದೂರು ಸ್ವಾಮಿಗಳನ್ನು ಕುರಿತ ‘ಯೇಗ್ದಾಗೆಲ್ಲಾ ಐತೆ’ ಎಂಬ ಕೃತಿಯಿಂದ ಅವರು ನಾಡಿಗೆಲ್ಲ ಪರಿಚಿತರು. ಆದರೆ ಅವರ ಸೀಮೆಯ ಜನ ಅವರನ್ನು ನೆನೆಯುವುದು ಮುಖ್ಯವಾಗಿ ಮೇಷ್ಟ್ರು ಎಂದು. ತಮ್ಮ ಹಳ್ಳಿಯಲ್ಲಿಯೇ ಶಾಲೆ ಕಟ್ಟಿ, ಸುತ್ತಿನ ಬಡಮಕ್ಕಳ ಓದಿಗೆ ದಾರಿ ಮಾಡಿ, ತೊಂಬತ್ತು ದಾಟುವವರೆಗೂ ಅದೇ ನೆಲದಲ್ಲಿ ಸರಳವಾಗಿ ಬಾಳಿದರು. ಅವರು ಜನ್ಮತಃ ವೀರಶೈವರಲ್ಲ; ಕಾಯಕಕ್ಕೆ ಜಾತಿಯಿಲ್ಲವಾದ್ದರಿಂದ ಈ ಮಾತಿಗೆ ಹೆಚ್ಚಿನ ವಿವರಣೆ ಬೇಡ. ಅದೇ ತಾಲ್ಲೂಕಿನ ತಳುಕಿನ ಮನೆತನಕ್ಕೆ ಸೇರಿದ ತ.ಸು. ಶಾಮರಾಯರದು (1906–1998) ಬೇರೆಯ ದಾರಿ. ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ಅಲ್ಲಿಯೇ ಉಳಿದರು. ಆದರೆ ಶಿವಶರಣರ ಕಥೆಗಳನ್ನು ಕಲೆಹಾಕಿ ‘ಶಿವಶರಣ ಕಥಾರತ್ನಕೋಶ’ವನ್ನು ರಚಿಸಿದರು, ‘ಮೂರು ತಲೆಮಾರು’ ಎಂಬ ಕೃತಿಯಲ್ಲಿ ತಮ್ಮ ಮನೆತನದ ಬಾಳನ್ನು ಚಿತ್ರಿಸಿದರು. ವಚನಸಾಹಿತ್ಯದ ವಿದ್ಯಾರ್ಥಿಗಳು ಇಂದಿಗೂ ಆ ಕೋಶವನ್ನು ತೆರೆಯುತ್ತಾರೆ. ಒಬ್ಬರು ಊರಿಗೆ ಮರಳಿದರು, ಮತ್ತೊಬ್ಬರು ಊರನ್ನು ಬರೆಹಕ್ಕೆ ತಂದರು. ಇವರಲ್ಲಿ ಯಾರು ಸರಿಯೆಂದು ಕೇಳುವುದು ವ್ಯರ್ಥ. ಹಿಂದಿರುಗಿಯೂ ಜಗಲಿಯ ಮೇಲೆ ಪತ್ರಿಕೆ ಮಡಚಿಟ್ಟು ಹಗಲು ಕಳೆಯುವವನಿಗಿಂತ, ದೂರದಲ್ಲಿದ್ದೂ ದುಡಿದವನು ಊರಿಗೆ ಹತ್ತಿರದವನು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಅವಶ್ಯ. ಕಾಯಕಕ್ಕೆ ನಿವೃತ್ತಿಯಿಲ್ಲವೆಂಬ ತತ್ತ್ವವನ್ನು ಪಿಂಚಣಿದಾರನು ಕೇಳಿದಾಗ ಅದು ಉತ್ಸಾಹದ ಮಾತು. ಮೊಳಕಾಲ್ಮುರಿನ ರೇಷ್ಮೆಸೀರೆಯ ನೇಕಾರನು ಕೇಳಿದಾಗ ಹಾಗಲ್ಲ. ಅವನಿಗೆ ನಿವೃತ್ತಿಯ ದಿನವೆಂಬುದು ಎಂದೂ ಇರಲಿಲ್ಲ. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯ್ದವನಿಗೆ ಕಣ್ಣು ಮಂಜಾದಾಗ ಮಗ್ಗ ಮಗನಿಗೆ ಹೋಗುತ್ತದೆ, ತಾನು ಕಂಡಿಕೆ ಸುತ್ತಲು ಕೂರುತ್ತಾನೆ. ಬೆರಳೂ ನಡುಗತೊಡಗಿದ ಮೇಲೆ ಏನು? ಅವನ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಅವನ ಮುಪ್ಪಿಗೆ ಅಂತಹ ಯಾವ ಮುದ್ರೆಯೂ ಇಲ್ಲ. ಹೊಲದ ಕೂಲಿಯದೂ ಕುರಿ ಕಾಯುವವನದೂ ಇದೇ ಪಾಡು. ಹೀಗಿರುವಲ್ಲಿ ಕಾಯಕತತ್ತ್ವವನ್ನು ಮುಂದೆ ಮಾಡಿ ಅಶಕ್ತನನ್ನು ದುಡಿಸುವುದು ಶರಣರಿಗೆ ಬಗೆಯುವ ದ್ರೋಹ. ದಾಸೋಹವಿಲ್ಲದೆ ಕಾಯಕವನ್ನು ಮಾತ್ರ ಉಪದೇಶಿಸುವವನು ಅರ್ಧವನ್ನೇ ಓದಿದವನು. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯ ಪ್ರಕಾರ, ಮಕ್ಕಳು ಕೈಬಿಟ್ಟ ಹಿರಿಯರು ಉಪವಿಭಾಗದ ಮಟ್ಟದ ನ್ಯಾಯಮಂಡಳಿಗೆ ಮೊರೆಹೋಗಬಹುದು. ಬ್ರಹ್ಮಗಿರಿಯ ಬಂಡೆಯ ಮಾತನ್ನು ಸಂಸತ್ತು ಮತ್ತೆ ಬರೆಯಬೇಕಾಗಿ ಬಂದಿತು. ಆದರೆ ತಾಯಿಯೊಬ್ಬಳು ಮಗನ ಮೇಲೆ ಅರ್ಜಿ ಬರೆಯಿಸಲು ತಾಲ್ಲೂಕು ಕಟ್ಟೆಗೆ ಬರುವುದು ಎಷ್ಟು ಅಪರೂಪವೆಂಬುದನ್ನು ಬಲ್ಲವರೇ ಬಲ್ಲರು. ಆ ಎಡೆಯಲ್ಲಿ ಕಾನೂನಿಗಿಂತ ಮೊದಲು ನಿಲ್ಲಬೇಕಾದವರು ನೆರೆಹೊರೆಯವರು ಮತ್ತು ಮಠ.

ಹೆಂಗಸರ ನಿವೃತ್ತಿಯ ಬಗೆಗೆ ಯಾರೂ ಮಾತನಾಡುವುದಿಲ್ಲ. ಗಂಡನು ಕಚೇರಿ ಬಿಟ್ಟ ದಿನದಿಂದ ಮಡದಿಗೆ ಮನೆಯ ಕೆಲಸ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಆಯ್ದಕ್ಕಿ ಲಕ್ಕಮ್ಮನವರಂತಹ ಶರಣೆಯ ಪರಂಪರೆಯಲ್ಲಿ ಹುಟ್ಟಿದವರು, ನೆಲೆಯ ನಿರ್ಣಯದಲ್ಲಿ ಮನೆಯಾಕೆಯ ಮಾತನ್ನು ಕೊನೆಯದಾಗಿ ಕೇಳುವುದು ಸೋಜಿಗ. ದಿನದ ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರುವಂತೆ ಪತಿಗೆ ತಿಳಿಹೇಳಿದ ತಾಯಿ ಅವರು. ಅವರ ಅಳತೆಗೋಲು ಪಿಂಚಣಿದಾರನಿಗೂ ಅನ್ವಯಿಸುತ್ತದೆ. ಊಟಕ್ಕೂ ಔಷಧಕ್ಕೂ ಸಾಲುವಷ್ಟು ತಿಂಗಳು ತಿಂಗಳಿಗೆ ಬರುತ್ತಿರುವವನು ಹಳ್ಳಿಯ ಮಕ್ಕಳಿಗೆ ಗಣಿತವನ್ನೋ ಇಂಗ್ಲಿಷನ್ನೋ ಕಲಿಸಿ ಅದಕ್ಕೆ ಶುಲ್ಕ ತೆಗೆದುಕೊಂಡರೆ, ಅದು ಅಂಗಳದ ಹೆಚ್ಚಿನ ಅಕ್ಕಿ.

ಮಠಗಳು ನಡೆಸುವ ಪ್ರಸಾದನಿಲಯಗಳು ಇಲ್ಲಿ ನೆನಪಾಗುತ್ತವೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು (1907–2019) ಸಾವಿರಾರು ಮಕ್ಕಳ ಅನ್ನ ಅಕ್ಷರಗಳ ಹೊಣೆಯನ್ನು ನೂರು ದಾಟಿದ ಮೇಲೂ ಇಳಿಸಲಿಲ್ಲ. ಎಲ್ಲರಿಗೂ ಆ ಶಕ್ತಿ ಬರುವುದಿಲ್ಲ. ಆದರೆ ಸಂಜೆಯ ಎರಡು ಗಂಟೆ ಮಕ್ಕಳ ನಡುವೆ ಕೂರುವ ಶಕ್ತಿ ನಿವೃತ್ತ ಉಪಾಧ್ಯಾಯರಲ್ಲಿ ಬಹುಮಂದಿಗೆ ಇದೆ. ತಂದೆತಾಯಿಗಳಿಂದ ದೂರವಿರುವ ಮಕ್ಕಳೂ ಮಕ್ಕಳಿಂದ ದೂರವಿರುವ ಹಿರಿಯರೂ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವ ಏರ್ಪಾಡು ಹೆಚ್ಚಿನ ಖರ್ಚಿನದಲ್ಲ. ನಾಯಕನಹಟ್ಟಿಗೆ ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದ್ದು, ಅಲ್ಲಿ ಶಾಲಾ ಉಪಾಧ್ಯಾಯರಿಗೆ ತರಬೇತಿ ನಡೆಯುತ್ತದೆ. ಹೊಸದನ್ನು ಕಲಿಯುವುದಕ್ಕೂ ಈ ಸೀಮೆ ಈಗ ದೂರದ ಮೂಲೆಯಲ್ಲ.

ಊರಿಗೆ ಮರಳಲು ಮನಸ್ಸು ಮಾಡಿದವರು ಜಾತ್ರೆಯ ದಿನ ಊರನ್ನು ನೋಡಿ ನಿರ್ಧರಿಸುವುದು ವಾಡಿಕೆ. ಅಂದು ಬಂಧುಗಳೆಲ್ಲ ಸೇರಿರುತ್ತಾರೆ, ಮನೆಗೆ ಸುಣ್ಣ ಬಳಿದಿರುತ್ತದೆ, ಟ್ಯಾಂಕರಿನಲ್ಲಿ ನೀರೂ ಬಂದಿರುತ್ತದೆ. ಪಟ್ಟಣದ ಮನೆಯನ್ನು ಮಾರುವ ಮೊದಲು ತೇರು ಮುಗಿದ ಮೇಲಿನ ಚೈತ್ರ ವೈಶಾಖಗಳಲ್ಲಿ ಗಂಡಹೆಂಡಿರಿಬ್ಬರೂ ಎರಡು ತಿಂಗಳು ಅಲ್ಲಿ ಇದ್ದು ನೋಡುವುದು ಲೇಸು. ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ರಾತ್ರಿ ಎದೆನೋವು ಬಂದರೆ ಚಳ್ಳಕೆರೆಗೋ ಚಿತ್ರದುರ್ಗಕ್ಕೋ ಹೋಗಲು ಯಾರ ವಾಹನವಿದೆ, ಶಾಲೆಯಲ್ಲಿ ಯಾವ ಪಾಠಕ್ಕೆ ಮೇಷ್ಟ್ರಿಲ್ಲ, ಕೆರೆಯ ಹೂಳಿನ ಮಾತೆತ್ತಿದರೆ ಪಂಚಾಯಿತಿಯಲ್ಲಿ ಯಾರು ಕಿವಿಗೊಡುತ್ತಾರೆ ಎಂಬುದೆಲ್ಲ ಆ ಎರಡು ತಿಂಗಳಲ್ಲಿ ತಿಳಿದುಬರುತ್ತದೆ.