ನಿಮಗಿದು ಗೊತ್ತೆ? ಗುಮ್ಮಟದ ಮುಂದೆ ಚೀನಾದ ಪಿಂಗಾಣಿ
ರೋಣದಿಂದ ಬಾದಾಮಿ, ಬಾಗಲಕೋಟೆ ಹಾದಿ ಹಿಡಿದು ಮಲಪ್ರಭಾ, ಘಟಪ್ರಭಾ, ಕೃಷ್ಣೆ ಮೂರನ್ನೂ ದಾಟಿದರೆ ವಿಜಯಪುರ. ಗೋಲಗುಮ್ಮಟ ಏರುವ ಅವಸರದಲ್ಲಿ ಅದರ ಮುಂದಿನ ನಗಾರಖಾನೆಯತ್ತ ಯಾರೂ ತಿರುಗಿ ನೋಡುವುದಿಲ್ಲ. 1892ರಲ್ಲಿ ಶುರುವಾದ ವಸ್ತುಸಂಗ್ರಹಾಲಯ ಇರುವುದು ಅಲ್ಲೇ! ಆಯುಧ, ಜಮಖಾನೆ, ಹಸ್ತಪ್ರತಿಗಳ ನಡುವೆ ಚೀನಾದ ಪಿಂಗಾಣಿ ಪಾತ್ರೆಗಳೂ ಇವೆ.

ಬಿಳಿ ಪಿಂಗಾಣಿಯ ಮಣ್ಣು ಕೇಯೊಲಿನ್. ಆ ಹೆಸರು ಚೀನಾದ ಗಾವೊಲಿಂಗ್ ಎಂಬ ಜಾಗದಿಂದ ಬಂದದ್ದು. ಆ ಮಣ್ಣು ಬೇಯಲು ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ನಮ್ಮ ಕುಂಬಾರರ ಆವಿಗೆಗೆ ಅಷ್ಟು ಕಾವು ಏರದು. ಚೀನಾದ ತಿಳಿಹಸಿರು ತಟ್ಟೆಗೆ ವಿಷ ಸೋಕಿದರೆ ಬಿರುಕು ಬಿಡುತ್ತದೆಂದು ಹಿಂದಿನ ಅರಸರು ನಂಬಿದ್ದರು. ಬಿರುಕು ಕಂಡವರು ಮಾತ್ರ ಸಿಗುವುದಿಲ್ಲ!

ಚೀನಾದ ಪಿಂಗಾಣಿಯಾಯಿತು, ಜಪಾನಿನ ಸಮುರಾಯ್ ಕತ್ತಿ, ದಂತದ ಕೆತ್ತನೆಯನ್ನೂ ನೋಡಬೇಕೇ? 1951ರಲ್ಲಿ ತೆರೆದ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗಿ.